ಪಂದ್ಯಕ್ಕೆ ಗಂಟೆಯ ಲೆಕ್ಕ, ಪರವಾನಗಿಗೆ ವಾರದ ಲೆಕ್ಕ

ಐಪಿಎಲ್‌ನ ರಾತ್ರಿ ಪಂದ್ಯ ಶುರುವಾಗುವುದು ಏಳೂವರೆಗೆ. ಮೊದಲ ತಂಡದ ಆಟ ಮುಗಿದು, ವಿರಾಮ ಕಳೆದು, ಬೆನ್ನಟ್ಟುವ ತಂಡ ಪವರ್‌ಪ್ಲೇ ದಾಟುವ ಹೊತ್ತಿಗೆ ಗಡಿಯಾರ ಹತ್ತರ ಹತ್ತಿರ ಬಂದಿರುತ್ತದೆ. ನಿಜವಾದ ಆಟ, ನಿಜವಾದ ಕೂಗಾಟ ಎರಡೂ ಅಲ್ಲಿಂದಾಚೆಗೆ. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಬಯಲಿನ ಧ್ವನಿವರ್ಧಕದ ಬಾಯಿ ಮುಚ್ಚಿಸುವುದೂ ಸರಿಯಾಗಿ ಹತ್ತಕ್ಕೇ. ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ಅದು ಸಾಂಸ್ಕೃತಿಕ ಮತ್ತು ಧಾರ್ಮಿಕ ಹಬ್ಬಗಳಿಗೆ ಮಾತ್ರ. ಗಣಪತಿ ಹಬ್ಬದ ಊರಾದ ಪುಣೆಯಲ್ಲಿ ಆ ದಿನಗಳು ಯಾರ ಪಾಲಾಗುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಕ್ರಿಕೆಟ್ಟಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ದೊಡ್ಡ ಪಂದ್ಯ ಬಂದಾಗ ಊರಿನ ಅಂಗಡಿ, ಹೋಟೆಲು, ತಳ್ಳುಗಾಡಿಗಳ ಕಷ್ಟವೆಲ್ಲ ಹುಟ್ಟುವುದು ಇಂಥ ಕಡೆಯೇ. ‘ಪಂದ್ಯದ ದಿನದ ಕಾನೂನು’ ಎಂಬುದು ನಮ್ಮಲ್ಲಿ ಪ್ರತ್ಯೇಕವಾಗಿ ಇಲ್ಲ. ಇರುವುದು ವರ್ಷವಿಡೀ ಒಂದೇ ಜಾಗದಲ್ಲಿ ಒಂದೇ ವ್ಯಾಪಾರ ಮಾಡುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪರವಾನಗಿಗಳು. ಆಟ ಬಂದ ಮೂರು ಗಂಟೆ ಆ ವ್ಯಾಪಾರಿ ಬೇರೆಯೇ ವ್ಯಾಪಾರಿಯಾಗುತ್ತಾನೆ. ಹೋಟೆಲಿನವನು ಪರದೆ ಕಟ್ಟಿ ಚಿತ್ರಮಂದಿರದವನಂತಾಗುತ್ತಾನೆ, ಹೊರಗೆ ನಾಲ್ಕು ಮೇಜು ಹಾಕಿ ಬೀದಿ ವ್ಯಾಪಾರಿಯಾಗುತ್ತಾನೆ, ಬ್ಯಾನರ್ ಕಟ್ಟಿ ಜಾಹೀರಾತುದಾರನಾಗುತ್ತಾನೆ. ಅಂಗಡಿಯ ಬೋರ್ಡು ಹಳೆಯದೇ. ಕಾನೂನು ನೋಡುವುದು ಇವತ್ತು ನಡೆಯುತ್ತಿರುವ ಕೆಲಸವನ್ನು.

ಇದನ್ನು ಅರ್ಥ ಮಾಡಿಕೊಳ್ಳಲು ಮಗರಪಟ್ಟಾಗಿಂತ ಒಳ್ಳೆಯ ಜಾಗ ಸಿಗಲಾರದು. ಪುಣೆಯ ಪೂರ್ವಕ್ಕೆ, ಹಡಪ್ಸರ್‌ನಲ್ಲಿರುವ ಈ ಊರನ್ನು ಕಟ್ಟಿದವರು ಅಲ್ಲಿನ ರೈತರೇ. ಸತೀಶ್ ಮಗರ್ ಮುಂದಾಳತ್ವದಲ್ಲಿ ಸುಮಾರು 120 ಕುಟುಂಬಗಳು ತಮ್ಮ 400 ಎಕರೆಗೂ ಮಿಕ್ಕ ಜಮೀನನ್ನು ಬಿಲ್ಡರಿಗೆ ಮಾರದೆ, ತಾವೇ ಕಂಪನಿ ಮಾಡಿ, ಹೊಲದ ಪಾಲಿಗೆ ತಕ್ಕಂತೆ ಷೇರುದಾರರಾದರು. 2000ದ ಹೊತ್ತಿಗೆ ಕಟ್ಟಡಗಳು ಏಳತೊಡಗಿದವು. ಸೈಬರ್‌ಸಿಟಿ ಬಂತು, ಅದರ ಹಿಂದೆ ಉಪಾಹಾರಗೃಹಗಳು, ಪಬ್‌ಗಳು, ಅಕ್ಕಪಕ್ಕದಲ್ಲಿ ಮಾಲ್‌ಗಳು ಬಂದವು. ಹೊರಗಿನಿಂದ ಬಂದು ದುಡಿಯುವ ಸಾಫ್ಟ್‌ವೇರ್ ಮಂದಿಯಲ್ಲಿ ಕನ್ನಡಿಗರೂ ಸೇರಿದ್ದಾರೆ. ಪುಣೆಯ ಹೋಟೆಲ್ ಉದ್ಯಮದಲ್ಲಂತೂ ಕರಾವಳಿಯವರ ಕೈ ಹಳೆಯದು; ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯನ್ನು ಬೆಳೆಸಿದ, 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರ ಹೆಸರು ಕೇಳದ ಪುಣೆಕರ್ ಇಲ್ಲ.

ಒಂದೇ ಪಂದ್ಯ, ಎರಡು ಆಡಳಿತ

ಪುಣೆಯ ಅಂತರರಾಷ್ಟ್ರೀಯ ಕ್ರಿಕೆಟ್ ಮೈದಾನ ಇರುವುದು ಪುಣೆಯಲ್ಲಲ್ಲ. 2012ರಲ್ಲಿ ತೆರೆದ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣ ಮುಂಬೈ ಹೆದ್ದಾರಿಯ ಬದಿಯ ಗಹುಂಜೆಯಲ್ಲಿದೆ. ಅದು ಮಾವಳ ತಾಲ್ಲೂಕಿನ ಹಳ್ಳಿ. ಪುಣೆ ಪಾಲಿಕೆಗೂ ಸೇರಿಲ್ಲ, ಪಿಂಪ್ರಿ-ಚಿಂಚ್‌ವಡ ಪಾಲಿಕೆಗೂ ಸೇರಿಲ್ಲ. ಮಗರಪಟ್ಟಾದಿಂದ ಅಲ್ಲಿಗೆ ಊರಿನ ಈ ತುದಿಯಿಂದ ಆ ತುದಿಗೆ ಹೋದಷ್ಟು ದೂರ. ಹಾಗಾಗಿ ಕ್ರೀಡಾಂಗಣದ ಬಾಗಿಲಲ್ಲಿ ಮಾರುವವನು ಪಂಚಾಯಿತಿಯ ಲೆಕ್ಕಕ್ಕೆ, ಮಗರಪಟ್ಟಾದಲ್ಲಿ ಪರದೆ ಕಟ್ಟುವವನು ಪಾಲಿಕೆಯ ಲೆಕ್ಕಕ್ಕೆ. ಟೌನ್‌ಶಿಪ್‌ನ ಒಳಗೆ ಜಾಗ ಬಿಟ್ಟುಕೊಡುವುದು ಅಲ್ಲಿನ ಆಡಳಿತದ ಕೈಯಲ್ಲಿದೆ, ನಿಜ. ಆದರೆ ಆ ಒಪ್ಪಿಗೆ ಪತ್ರ ಜಾಗದ ಒಡೆಯನ ಒಪ್ಪಿಗೆಯಷ್ಟೇ. ಪಾಲಿಕೆ, ಪೊಲೀಸ್, ಅಬಕಾರಿಗಳ ಪರವಾನಗಿಗೆ ಅದು ಬದಲಿಯಲ್ಲ. ಖಾಸಗಿ ಗೇಟಿನೊಳಗೆ ನಗರದ ಕಾನೂನು ನಿಂತುಹೋಗುತ್ತದೆ ಎಂಬ ಭ್ರಮೆ ಇಂಥ ಊರುಗಳಲ್ಲಿ ಸಾಮಾನ್ಯ.

ಪಂದ್ಯಗಳಾದರೂ ಹೇಳಿಕೇಳಿ ಬರುತ್ತವೆಯೇ? 2023ರ ವಿಶ್ವಕಪ್‌ನ ಐದು ಪಂದ್ಯಗಳು ಗಹುಂಜೆಗೆ ಬಂದಾಗ ತಿಂಗಳುಗಳ ಮೊದಲೇ ವೇಳಾಪಟ್ಟಿ ಕೈಯಲ್ಲಿತ್ತು. 2018ರಲ್ಲಿ ಹಾಗಾಗಲಿಲ್ಲ. ಕಾವೇರಿ ಹೋರಾಟದ ಬಿಸಿಗೆ ಚೆನ್ನೈ ಸೂಪರ್ ಕಿಂಗ್ಸ್ ಏಪ್ರಿಲ್ 10ರಂದು ತನ್ನೂರಿನಲ್ಲಿ ಒಂದೇ ಪಂದ್ಯ ಆಡಿ, 20ರಂದು ಗಹುಂಜೆಯಲ್ಲಿ ಇಳಿಯಿತು. ನಮ್ಮ ನದಿಯ ಜಗಳದಿಂದ ಪುಣೆಯ ವ್ಯಾಪಾರಿಗೆ ಹತ್ತು ದಿನದೊಳಗೆ ಒಂದು ಸೀಸನ್ ಒದಗಿತು. ಅದಕ್ಕೆ ಎರಡು ವರ್ಷ ಮೊದಲು ಆದದ್ದು ಇದರ ತಿರುವು: ಬರಗಾಲದ ಕಾರಣಕ್ಕೆ ಏಪ್ರಿಲ್ 30ರ ನಂತರದ ಪಂದ್ಯಗಳನ್ನೆಲ್ಲ ಮಹಾರಾಷ್ಟ್ರದಿಂದಾಚೆ ಕಳಿಸಿ ಎಂದು ಬಾಂಬೆ ಹೈಕೋರ್ಟ್ 2016ರ ಏಪ್ರಿಲ್ 13ರಂದು ಆದೇಶಿಸಿತು. ಆ ಪಂದ್ಯಗಳನ್ನು ನಂಬಿ ದುಡ್ಡು ಹಾಕಿದ್ದವನಿಗೆ ಉಳಿದದ್ದು ಎರಡೂವರೆ ವಾರ.

ಪರದೆ, ಗ್ಲಾಸು, ಬ್ಯಾನರು

ಪಂದ್ಯದ ರಾತ್ರಿ ಹೋಟೆಲಿನವರು ಮೊದಲು ಮಾಡುವ ಕೆಲಸ ದೊಡ್ಡ ಪರದೆ ತರುವುದು. ಟಿ.ವಿ. ನಮ್ಮದು, ತಿಂಗಳ ಬಾಡಿಗೆ ಕಟ್ಟಿದ್ದೇವೆ, ಇನ್ನೇನು ಎಂಬುದು ಅವರ ವಾದ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಸಾರಕರಿಗೆ 25 ವರ್ಷಗಳ ಪ್ರತ್ಯೇಕ ಹಕ್ಕು ಕೊಟ್ಟಿದೆ. ಅವರ ಅನುಮತಿಯಿಲ್ಲದೆ ಹಣ ಪಡೆದು ಸಾರ್ವಜನಿಕರಿಗೆ ಪ್ರಸಾರ ತೋರಿಸುವುದು ಆ ಹಕ್ಕಿನ ಉಲ್ಲಂಘನೆ. ಮನೆಯ ಹೆಸರಲ್ಲಿ ತೆಗೆದುಕೊಂಡ ಸಂಪರ್ಕವನ್ನು ಹೋಟೆಲಿಗೆ ಎಳೆದರೆ ಒಪ್ಪಂದವನ್ನೂ ಮುರಿದಂತೆ. ‘ಒಳಗೆ ಬರಲು ತಲೆಗೆ ಇಷ್ಟು’ ಎಂದು ಚೀಟಿ ಹರಿದ ಕ್ಷಣದಿಂದ ಸಡಿಲವಾಗಿ ಓದಿಕೊಳ್ಳಲು ಏನೂ ಉಳಿಯುವುದಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗೆ ಹೋಗಿವೆ. ಅಷ್ಟು ಸುರಿದವರು ಪರದೆಗಳ ಮೇಲೆ ಕಣ್ಣಿಡದೆ ಬಿಡುತ್ತಾರೆಯೇ? ಓವರುಗಳ ನಡುವೆ ಹಾಕುವ ಹಾಡಿಗೆ ಬೇರೆ ಹಕ್ಕುದಾರರಿದ್ದಾರೆ. ವಸತಿ ಸಂಘದವರು ಹಣ ಪಡೆಯದೆ ಹುಲ್ಲುಹಾಸಿನ ಮೇಲೆ ಪರದೆ ಕಟ್ಟಿದರೆ 37ರ ಈ ಕುಣಿಕೆ ತಪ್ಪೀತು, ರಾತ್ರಿ ಹತ್ತರ ಗಡುವು ತಪ್ಪದು.

ಎರಡನೆಯದು ಗ್ಲಾಸು. ಮಹಾರಾಷ್ಟ್ರದಲ್ಲಿ ಮದ್ಯದ ವ್ಯವಹಾರ ನಡೆಯುವುದು ಇಂದಿಗೂ 1949ರ ಪಾನನಿಷೇಧ ಕಾಯ್ದೆಯ ಅಡಿಯಲ್ಲೇ. ನಿಷೇಧವೇ ಮೂಲ ನಿಯಮ, ಕುಡಿಯುವುದು ಅಪವಾದ. ಅದಕ್ಕೇ ಅಲ್ಲಿನ ಬಾರಿಗೆ ‘ಪರ್ಮಿಟ್ ರೂಮ್’ ಎಂಬ ಹೆಸರು. ಬಡಿಸುವವನಿಗೆ ಎಫ್‌ಎಲ್-3 ಲೈಸೆನ್ಸು ಬೇಕು. ಕುಡಿಯುವವನಿಗೂ ಪರವಾನಗಿ ಬೇಕು, ವಿದೇಶಿ ಮದ್ಯಕ್ಕೆ ಒಂದು ದಿನದ್ದು ಐದು ರೂಪಾಯಿ. ಬಿಯರ್, ವೈನಿಗೆ 21 ವರ್ಷ ತುಂಬಿರಬೇಕು, ಅದಕ್ಕಿಂತ ಗಟ್ಟಿ ಮದ್ಯಕ್ಕೆ 25. ಕಾಲೇಜು ಹುಡುಗರು ಜೆರ್ಸಿ ತೊಟ್ಟು ಗುಂಪಾಗಿ ನುಗ್ಗುವ ರಾತ್ರಿ ವಯಸ್ಸು ಕೇಳುವ ತಾಳ್ಮೆ ಯಾರಿಗಿರುತ್ತದೆ? 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡ ಮೇಲೆ, ಅಪ್ರಾಪ್ತನಿಗೆ ಮದ್ಯ ಬಡಿಸಿದ ಆರೋಪದಡಿ ಪಬ್‌ಗಳಿಗೆ ಬೀಗ ಬಿತ್ತು. ಪರವಾನಗಿಯ ಸಣ್ಣಕ್ಷರದ ಷರತ್ತು ಏಕಿರುತ್ತದೆ ಎಂಬುದು ಇಡೀ ಪುಣೆಗೆ ಆಗ ಗೊತ್ತಾಯಿತು.

ಎಫ್‌ಎಲ್-3 ಇರುವುದು ನಕ್ಷೆಯಲ್ಲಿ ತೋರಿಸಿದ ಜಾಗಕ್ಕೆ. ಪಂದ್ಯದ ದಿನ ಮೇಜುಗಳು ಮುಂದಿನ ಅಂಗಳಕ್ಕೋ ತಾರಸಿಗೋ ಹಬ್ಬಿದರೆ, ಅಲ್ಲಿ ಬಡಿಸಿದ ಗ್ಲಾಸು ಲೈಸೆನ್ಸಿಲ್ಲದ ಗ್ಲಾಸು. ಬಾರೇ ಇಲ್ಲದ ಜಾಗದಲ್ಲಿ ಒಂದು ದಿನದ ಕೂಟ ಮಾಡುವವರಿಗೆ ಅಬಕಾರಿ ಇಲಾಖೆಯ ತಾತ್ಕಾಲಿಕ ಲೈಸೆನ್ಸು ಬೇಕು. ಇನ್ನು ಚುನಾವಣೆ ಬಂದರೆ ಕ್ಯಾಲೆಂಡರೇ ಕೈಕೊಡುತ್ತದೆ. ಹಡಪ್ಸರ್ ಶಿರೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. 2024ರಲ್ಲಿ ಅಲ್ಲಿ ಮತದಾನ ನಡೆದದ್ದು ಮೇ 13ರ ಸೋಮವಾರ. ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲಿನಿಂದ ಮದ್ಯ ಮಾರುವಂತಿಲ್ಲ. ಹಿಂದಿನ ದಿನ ಭಾನುವಾರ ಸಂಜೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಡೆಲ್ಲಿಯನ್ನು 47 ರನ್ನುಗಳಿಂದ ಸೋಲಿಸುತ್ತಿದ್ದಾಗ ಮಗರಪಟ್ಟಾದ ಪರ್ಮಿಟ್ ರೂಮ್‌ಗಳಿಗೆ ಅದು ಡ್ರೈ ಡೇ.

ಬ್ಯಾನರಿನ ಕಥೆ ಚಿಕ್ಕದು. ಪುಣೆ ಪಾಲಿಕೆಯಲ್ಲಿ ಅದಕ್ಕೆಂದೇ ‘ಆಕಾಶಚಿಹ್ನ ಮತ್ತು ಪರವಾನಾ’ ವಿಭಾಗವಿದೆ; ಅದರ ಒಪ್ಪಿಗೆ, ಶುಲ್ಕ ಎರಡೂ ಬೇಕು. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬೃಹತ್ ಫಲಕ ಕುಸಿದು 17 ಜನ ಸತ್ತ ನಂತರ ಫಲಕಗಳ ತಪಾಸಣೆ ರಾಜ್ಯವಿಡೀ ಬಿಗಿಯಾಯಿತು. ತಂಡದ ಲಾಂಛನ, ಆಟಗಾರನ ಮುಖ ಹಾಕಿದರೆ ಟ್ರೇಡ್‌ಮಾರ್ಕಿನ ಪ್ರಶ್ನೆ ಏಳುತ್ತದೆ. ಆದರೆ ವಿಶ್ವಕಪ್ ಎಂಬ ಮಾತನ್ನೇ ಆಡಬಾರದೆಂದೇನಿಲ್ಲ. ಫಿಲಿಪ್ಸ್ ಆಡಿಯೊ ಸಿಸ್ಟಂ ಕೊಂಡರೆ ವಿಶ್ವಕಪ್ ಟಿಕೆಟು ಗೆಲ್ಲಬಹುದು ಎಂದು ಸಾರಿದ ವ್ಯಾಪಾರಿಯ ವಿರುದ್ಧ ಐಸಿಸಿಯ ಕಂಪನಿ ದೆಹಲಿ ಹೈಕೋರ್ಟಿಗೆ ಹೋದಾಗ, 2003ರಲ್ಲಿ ನ್ಯಾಯಾಲಯ ತಡೆ ಕೊಡಲು ಒಪ್ಪಲಿಲ್ಲ.

ಗಲ್ಲಾಪೆಟ್ಟಿಗೆಯ ಲೆಕ್ಕ

ಈಗ ತೆರಿಗೆ. ಪುಣೆಯ ಹಳೆಯ ವ್ಯಾಪಾರಿಗಳು ಪಾಲಿಕೆಯ ಗಡಿಯಲ್ಲಿ ಜಕಾತಿ ಕಟ್ಟಿದವರು. 2013ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಸ್ಥಳೀಯ ಸಂಸ್ಥೆ ತೆರಿಗೆ (ಎಲ್‌ಬಿಟಿ) ಬಂತು, 2015ರ ಆಗಸ್ಟ್‌ನಲ್ಲಿ ಬಹುಪಾಲು ವ್ಯಾಪಾರಿಗಳಿಗೆ ಅದೂ ಹೋಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು, ರಾಜ್ಯ ವಸೂಲು ಮಾಡುತ್ತಿದ್ದ ಮನರಂಜನಾ ತೆರಿಗೆಯನ್ನೂ ನುಂಗಿತು. ಪಂಚಾಯಿತಿ, ಪಾಲಿಕೆಗಳು ತಾವೇ ಮನರಂಜನೆಗೆ ತೆರಿಗೆ ಹಾಕುವ ಒಂದು ಸಣ್ಣ ಕಿಂಡಿಯನ್ನು ಮಾತ್ರ ಸಂವಿಧಾನದ ತಿದ್ದುಪಡಿ ಉಳಿಸಿದೆ.

ಟಿಕೆಟ್ಟಿನ ತೆರಿಗೆಯಲ್ಲಿ ಕುತೂಹಲದ ಒಂದು ಗೆರೆಯಿದೆ. ಆಡುವವರು ಜಿಲ್ಲೆಯನ್ನೋ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದರೆ ಅದು ‘ಮಾನ್ಯತೆ ಪಡೆದ ಕ್ರೀಡಾಕೂಟ’. 500 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆಯಿಲ್ಲ, ಅದಕ್ಕೆ ಮೇಲೆ ಶೇ 18. ಫ್ರಾಂಚೈಸಿ ತಂಡ ಊರಿನ ಹೆಸರಿಟ್ಟುಕೊಂಡರೂ ಊರನ್ನು ಪ್ರತಿನಿಧಿಸುವುದಿಲ್ಲ. ಐಪಿಎಲ್‌ಗೆ ಮೊದಲಿನಿಂದ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ಸಾವಿರದ ಟಿಕೆಟು 1,280ರಿಂದ 1,400ಕ್ಕೆ ಏರಿತು. ಇದನ್ನು ವಸೂಲು ಮಾಡಿ ಕಟ್ಟುವ ಹೊಣೆ ಟಿಕೆಟು ಮಾರುವವರದು.

ಮಗರಪಟ್ಟಾದ ಹೋಟೆಲಿನವರಿಗೆ ತಾಗುವುದು ಬೇರೆ ಲೆಕ್ಕ. ಸಾಮಾನ್ಯ ಉಪಾಹಾರಗೃಹದ ಊಟಕ್ಕೆ ಶೇ 5 ಜಿಎಸ್‌ಟಿ, ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿದ್ದು, ಅದರ ಮೇಲೆ ರಾಜ್ಯದ ವ್ಯಾಟ್. ಒಂದೇ ಮೇಜಿನ ಬಿಲ್ಲಿನಲ್ಲಿ ಎರಡು ಸರ್ಕಾರಿ ಲೆಕ್ಕ. ‘ಪಂದ್ಯದ ಪ್ಯಾಕೇಜ್: ತಿಂದಷ್ಟು, ಕುಡಿದಷ್ಟು, ತಲೆಗೆ ಇಷ್ಟು’ ಎಂದು ಒಟ್ಟಿಗೆ ಬೆಲೆ ಕಟ್ಟಿದವನಿಗೆ ಯಾವ ಪಾಲಿಗೆ ಯಾವ ತೆರಿಗೆ ಎಂದು ಆಮೇಲೆ ಅಧಿಕಾರಿಗೆ ವಿವರಿಸುವುದೇ ಒಂದು ಇನಿಂಗ್ಸ್. ವಿಶ್ವಕಪ್ ನಡೆಯುತ್ತಿರುವಾಗಲೇ, 2023ರ ನವೆಂಬರ್ 1ರಂದು, ಪರ್ಮಿಟ್ ರೂಮ್‌ಗಳ ವ್ಯಾಟ್ ಶೇ 5ರಿಂದ 10ಕ್ಕೆ ಏರಿತು. ಗಹುಂಜೆಯಲ್ಲಿ ನ್ಯೂಜಿಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾ ಆಡಿದ್ದೂ ಅದೇ ದಿನ. ಆ ರಾತ್ರಿ ಬಾರಿನ ಬಿಲ್ಲಿನ ಯಂತ್ರದಲ್ಲಿ ದರ ತಿದ್ದಲು ಮರೆತವನು ಕೊರತೆಯನ್ನು ಕೈಯಿಂದಲೇ ತುಂಬಬೇಕು.

ಸಣ್ಣ ಹೋಟೆಲುಗಳಿಗೆ ಕಾಂಪೋಸಿಷನ್ ಯೋಜನೆಯಿದೆ: ವಹಿವಾಟು ಒಂದೂವರೆ ಕೋಟಿ ದಾಟದಿದ್ದರೆ ಶೇ 5 ಕಟ್ಟಿ ಮುಗಿಸಬಹುದು, ಆದರೆ ಗಿರಾಕಿಯಿಂದ ತೆರಿಗೆಯೆಂದು ಪ್ರತ್ಯೇಕವಾಗಿ ಕೇಳುವಂತಿಲ್ಲ. ಜೊಮ್ಯಾಟೊ, ಸ್ವಿಗ್ಗಿ ಮೂಲಕ ಹೋದ ಊಟದ ತೆರಿಗೆಯನ್ನು 2022ರ ಜನವರಿಯಿಂದ ಆ ಕಂಪನಿಗಳೇ ಕಟ್ಟುತ್ತವೆ. ಹಾಗೆಂದು ಹೋಟೆಲಿನವರು ಆ ಮಾರಾಟವನ್ನು ರಿಟರ್ನಿನಿಂದ ಬಿಡುವಂತಿಲ್ಲ. ಇವೆಲ್ಲದರ ಮೇಲೆ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ. ಸ್ಕೋರು ಹೇಳಿ ಬಹುಮಾನ ಗೆಲ್ಲಿ ಎಂದು ದುಡ್ಡು ಕಟ್ಟಿಸಿಕೊಂಡರೆ ಅದು ತೆರಿಗೆಯ ಮಾತಲ್ಲ, ಜೂಜಿನ ಮೊಕದ್ದಮೆ.

ಚಹಾ, ವಡಾಪಾವ್ ಮಾರುವವನಿಗೆ ಇದ್ಯಾವುದೂ ಬೇಡವೇ? ಊಟ-ತಿಂಡಿ ಬಡಿಸುವುದು ಸೇವೆಯ ಲೆಕ್ಕಕ್ಕೆ ಬರುವುದರಿಂದ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ದಿನಕ್ಕೆ ಐದೂವರೆ ಸಾವಿರದ ಹತ್ತಿರ. ಕಿಕ್ಕಿರಿದ ಸೀಸನ್ನು ಒಬ್ಬನನ್ನು ಗೊತ್ತಿಲ್ಲದಂತೆ ಆ ಗೆರೆ ದಾಟಿಸಬಲ್ಲದು. ಯುಪಿಐ ಬಂದ ಮೇಲೆ ಗಲ್ಲಾಪೆಟ್ಟಿಗೆಗೆ ಗುಟ್ಟಿಲ್ಲ ಎಂಬುದನ್ನು ಕರ್ನಾಟಕ 2025ರ ಜುಲೈನಲ್ಲಿ ನೋಡಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಬೇಕರಿ, ಬೀಡಾ ಅಂಗಡಿ, ತರಕಾರಿಯವರಿಗೆಲ್ಲ ನೋಟಿಸು ಕೊಟ್ಟಿತು. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ನೇತಾಡಿದವು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಗಲಾಟೆ ತಣಿಯಿತು. ತೆರಿಗೆ ಇರಲಿ ಬಿಡಲಿ, ತಿನ್ನುವ ಪದಾರ್ಥ ಮಾರುವವನಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ, ಬೀದಿಯಲ್ಲಿ ನಿಲ್ಲುವವನಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಮಾಣಪತ್ರ ಬೇಕೇ ಬೇಕು.

ಮುಂಗಡ ಯಾರಿಗೆ, ಮಾಫಿ ಯಾರಿಗೆ

ಹೊರರಾಜ್ಯದಿಂದ ಬರುವ ಸಣ್ಣ ವ್ಯಾಪಾರಿಯ ಪಾಡು ಇನ್ನೂ ಬಿಗಿ. ಬೆಳಗಾವಿಯ ಕುಂದಾ ಮಾರುವವರೊಬ್ಬರು ಪಂದ್ಯಗಳ ದಿನಗಳಿಗೆಂದು ಪುಣೆಯಲ್ಲಿ ಮಳಿಗೆ ಹಾಕಲು ಹೊರಟರು ಎಂದಿಟ್ಟುಕೊಳ್ಳೋಣ. ಮಹಾರಾಷ್ಟ್ರದಲ್ಲಿ ಅವರಿಗೆ ಕಾಯಂ ವ್ಯಾಪಾರದ ಸ್ಥಳವಿಲ್ಲ. ಹಾಗಾಗಿ ಜಿಎಸ್‌ಟಿಯ ಭಾಷೆಯಲ್ಲಿ ಅವರು ‘ಕ್ಯಾಶುಯಲ್’ ತೆರಿಗೆದಾರರು. ವಹಿವಾಟಿನ ಮಿತಿಯ ರಕ್ಷಣೆ ಅವರಿಗೆ ಸಿಗುವುದಿಲ್ಲ, ಕಾಂಪೋಸಿಷನ್ನೂ ಇಲ್ಲ. ವ್ಯಾಪಾರ ಶುರುವಾಗುವುದಕ್ಕೆ ಐದು ದಿನ ಮೊದಲಾದರೂ ಅರ್ಜಿ ಹಾಕಬೇಕು. ಎಷ್ಟು ಮಾರಾಟವಾದೀತೆಂದು ತಾವೇ ಅಂದಾಜಿಸಿ, ಅದರ ನಿವ್ವಳ ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ನೋಂದಣಿಗೆ 90 ದಿನ ಆಯುಷ್ಯ, ಕೇಳಿಕೊಂಡರೆ ಇನ್ನೊಂದು 90. ನಾಲ್ಕು ಲಕ್ಷದ ಮಾರಾಟವೆಂದು ಅಂದಾಜಿಸಿದರೆ ಶೇ 5ರಂತೆ 20,000 ರೂಪಾಯಿ ಒಂದು ತುಂಡು ಮಾರುವ ಮೊದಲೇ ಖಜಾನೆಗೆ. ಮಳೆ ಬಂದು ಪಂದ್ಯ ರದ್ದಾದರೆ ಹೆಚ್ಚಿಗೆ ಕಟ್ಟಿದ್ದು ವಾಪಸ್ ಬರುತ್ತದೆ, ರಿಟರ್ನ್ ಸಲ್ಲಿಸಿ, ಅರ್ಜಿ ಹಾಕಿ, ಕಾದು ಕುಳಿತ ಮೇಲೆ.

ಅತ್ತ ದೊಡ್ಡವರ ಲೆಕ್ಕ ನೋಡಿ. 2022ರ ಆರಂಭದಲ್ಲಿ ಎಎಫ್‌ಸಿ ಮಹಿಳಾ ಏಷ್ಯಾ ಕಪ್ ಫುಟ್‌ಬಾಲಿನ ಪಂದ್ಯಗಳು ಪುಣೆಯ ಬಾಲೇವಾಡಿಯಲ್ಲೂ ನಡೆದವು. ಆ ಕೂಟಕ್ಕಾಗಿ ಏಷ್ಯಾ ಫುಟ್‌ಬಾಲ್ ಒಕ್ಕೂಟ ಕೊಟ್ಟ ಮತ್ತು ಪಡೆದ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಇತ್ತು. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಫಿಫಾಗೂ ಸಿಕ್ಕಿತ್ತು. ಪಂದ್ಯಗಳ ಪೊಲೀಸ್ ಬಂದೋಬಸ್ತಿನ ಶುಲ್ಕವನ್ನು ಮಹಾರಾಷ್ಟ್ರ ಸರ್ಕಾರ 2023ರ ಜೂನ್‌ನಲ್ಲಿ ಇಳಿಸಿದ್ದಷ್ಟೇ ಅಲ್ಲ, ಇಳಿಕೆಯನ್ನು 2011ರಿಂದಲೇ ಅನ್ವಯಿಸಿತು. ಇದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಎಲ್ಲ ದೊಡ್ಡವರಿಗೂ ಹೀಗೇ ಆಗುವುದಿಲ್ಲ ಎಂಬುದೂ ನಿಜ: 2016ರ ಟಿ20 ವಿಶ್ವಕಪ್‌ಗೆ ಭಾರತ ಆದಾಯ ತೆರಿಗೆ ವಿನಾಯಿತಿ ಕೊಡಲಿಲ್ಲ, ಐಸಿಸಿ ಆ ಮೊತ್ತವನ್ನು ಬಿಸಿಸಿಐ ಪಾಲಿನಿಂದ ಮುರಿದುಕೊಂಡಿತು. ಆದರೂ ಅವರಿಗೆ ವರ್ಷಗಟ್ಟಲೆ ಮಾತುಕತೆಗೆ ಸಮಯವಿತ್ತು.

ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಕ್ರೀಡಾಂಗಣದ ಬಳಿ ಅಲಸಂದೆ ಹಿಟ್ಟಿನ ಬೋಂಡದಂಥ ಅಕರಜೆ ಮಾರುತ್ತಿದ್ದ ಹೆಂಗಸರನ್ನು ಫಿಫಾ ನಿಯಮ ದೂರ ತಳ್ಳಿತ್ತು. ಅವರು ಸಂಘ ಕಟ್ಟಿ ಹೋರಾಡಿ 2013ರಲ್ಲಿ ಒಳಗೆ ಮಾರುವ ಹಕ್ಕು ಗಳಿಸಿದರು. ಬೀದಿ ವ್ಯಾಪಾರಿಗೂ ಮಾತುಕತೆಯ ಮೇಜಿನಲ್ಲಿ ಕುರ್ಚಿ ಸಿಗಬಹುದು ಎನ್ನುವುದಕ್ಕೆ ಇದು ಸಾಕ್ಷಿ.

ಯಾವುದು ಮೊದಲು, ಯಾವುದು ಆಮೇಲೆ

ಹಾಗಾದರೆ ಪಂದ್ಯದ ದಿನಗಳಲ್ಲಿ ನಿಯಮಗಳನ್ನೆಲ್ಲ ಸಡಿಲಿಸಬೇಕೇ? ಬೇಡ ಎನ್ನಲು ನಮ್ಮ ಬೆಂಗಳೂರೇ ಕಾರಣ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಪೊಲೀಸರಿಗೆ ಬಂದದ್ದು ಮೆರವಣಿಗೆಯ ಮಾಹಿತಿಯೇ ಹೊರತು ಅನುಮತಿ ಕೋರಿದ ಅರ್ಜಿಯಲ್ಲ ಎಂದು ಸರ್ಕಾರ ಹೈಕೋರ್ಟಿಗೆ ತಿಳಿಸಿತು. 2009ರ ಆದೇಶದಂತೆ ಅರ್ಜಿ ಏಳು ದಿನ ಮೊದಲು ಬರಬೇಕಿತ್ತು. ಏಳು ದಿನ ಮೊದಲು ಕಪ್ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಸರಿ. ಆದರೆ ಸಮಯವಿಲ್ಲದಿದ್ದರೆ ಮಾಡಬೇಕಾದದ್ದು ಕಾರ್ಯಕ್ರಮವನ್ನು ಮುಂದೂಡುವುದು, ಅನುಮತಿಯನ್ನು ಹಾರಿಸಿಬಿಡುವುದಲ್ಲ. 2017ರ ಡಿಸೆಂಬರ್‌ನಲ್ಲಿ ಮುಂಬೈನ ಕಮಲಾ ಮಿಲ್ಸ್‌ನ ತಾರಸಿ ಪಬ್‌ಗಳಲ್ಲಿ ಬೆಂಕಿ ಹತ್ತಿ 14 ಜನ ಸತ್ತದ್ದೂ ಇದೇ ಪಾಠವನ್ನು ಹೇಳುತ್ತದೆ.

ಆದ್ದರಿಂದ ಪರವಾನಗಿಗಳನ್ನು ಎರಡು ರಾಶಿ ಮಾಡಬೇಕು. ಜನಸಂದಣಿ, ಬೆಂಕಿ, ಆಹಾರದ ಶುಚಿ, ಕುಡಿಯುವವನ ವಯಸ್ಸು, ನೆರೆಯವರ ನಿದ್ದೆ ಒಂದು ರಾಶಿ. ಇಲ್ಲಿ ಒಪ್ಪಿಗೆ ಮೊದಲು, ಆಟ ಆಮೇಲೆ. ಬ್ಯಾನರಿನ ಶುಲ್ಕ, ಮಳಿಗೆಯ ನೋಂದಣಿ, ಮುಂಗಡ ತೆರಿಗೆ ಇನ್ನೊಂದು. ಇವನ್ನು ಪಂದ್ಯ ಮುಗಿದ ಮೇಲೆ ವಸೂಲು ಮಾಡಿದರೆ ಯಾರ ಜೀವಕ್ಕೂ ಕುತ್ತಿಲ್ಲ. ಪಾಲಿಕೆ, ಪೊಲೀಸ್, ಅಬಕಾರಿ, ಅಗ್ನಿಶಾಮಕದವರು ಒಂದೇ ಅರ್ಜಿಯಲ್ಲಿ ಇಡೀ ಸೀಸನ್ನಿಗೆ ಒಮ್ಮೆ ತಪಾಸಣೆ ಮಾಡಿ ಒಪ್ಪಿಗೆ ಕೊಡಬಹುದು. ಆಮೇಲೆ ಯಾವ ರಾತ್ರಿ ಪರದೆ ಕಟ್ಟುತ್ತೇವೆಂದು ಹೋಟೆಲಿನವರು ತಿಳಿಸಿದರೆ ಸಾಕು. 20 ಲಕ್ಷದೊಳಗಿನ ಹೊರರಾಜ್ಯದ ವ್ಯಾಪಾರಿಗೆ ಮುಂಗಡದ ಬದಲು ಮಾರಾಟದ ನಂತರದ ಲೆಕ್ಕ ಒಪ್ಪಬಹುದು. ಯುಪಿಐ ಇರುವಾಗ ಅದನ್ನು ಬಚ್ಚಿಡುವುದೂ ಸುಲಭವಲ್ಲ. ಈಗ ನಡೆಯುತ್ತಿರುವುದು ತಿರುಗುಮುರುಗು: ಸಾವಿರಾರು ಜನ ಸೇರುವ ಮೆರವಣಿಗೆಗೆ ಬರೀ ಮಾಹಿತಿ ಪತ್ರ, ಕುಂದಾ ಮಾರುವವರಿಗೆ ಐದು ದಿನ ಮೊದಲು ಮುಂಗಡ. ತಿದ್ದಲು ಹೊಸ ಕಾನೂನೇ ಬರಬೇಕೆಂದಿಲ್ಲ, ಯಾವುದು ಕಾಯಬಲ್ಲದು ಯಾವುದು ಕಾಯಲಾರದು ಎಂಬ ವಿವೇಕ ಇಲಾಖೆಗಳಿಗೆ ಬಂದರೆ ಅರ್ಧ ಕೆಲಸ ಆದಂತೆ.